ಮುತ್ತಜ್ಜನ ವಹಿಯಲ್ಲಿ ‘ರಪ್ತು’

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಎರಡು ಎಕರೆ ಅಡಿಕೆ ತೋಟ, ಜೊತೆಗೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ಇದೆ. ನಮ್ಮ ತಟ್ಟೆಗಳನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರು ಕೊಂಡು ಜರ್ಮನಿಗೆ ಕಳಿಸುತ್ತಾರೆ. ಮೊನ್ನೆ ಸಾಲದ ಅರ್ಜಿಯಲ್ಲಿ ‘ನೀವು ರಫ್ತುದಾರರೇ?’ ಎಂಬ ಪ್ರಶ್ನೆ ಬಂತು. ಏನು ಬರೆಯಬೇಕೋ ತಿಳಿಯದೆ ಅರ್ಜಿಯನ್ನು ಹಾಗೇ ಇಟ್ಟಿದ್ದೇನೆ. ಅದೇ ವಾರ ಅಟ್ಟ ಗುಡಿಸುವಾಗ ನನ್ನ ಗಂಡನ ಮುತ್ತಜ್ಜ ಬರೆದಿಟ್ಟ 1931ರ ಲೆಕ್ಕದ ವಹಿ ಸಿಕ್ಕಿತು. ಅದರಲ್ಲಿ ಅಡಿಕೆ, ಮೆಣಸು ಕುಂದಾಪುರಕ್ಕೆ ‘ರಪ್ತು’ ಎಂದು ಬರೆದಿದೆ. ಪುಟದ ಫೋಟೊ ಕಳಿಸಿದ್ದೇನೆ. ಕುಂದಾಪುರ ಯಾವಾಗ ಪರದೇಶವಾಗಿತ್ತು? ರಫ್ತು ಅಂದರೆ ಪರದೇಶಕ್ಕೆ ಮಾರುವುದು ಎಂದಲ್ಲವೇ ನಾವು ಶಾಲೆಯಲ್ಲಿ ಕಲಿತದ್ದು? ಇದು ಇಂಗ್ಲಿಷಿನ ‘ರಾಫ್ಟ್’, ಅಂದರೆ ತೆಪ್ಪ ಎಂಬ ಮಾತಿನಿಂದ ಬಂದದ್ದು, ಹಿಂದೆ ಮಾಲನ್ನು ಹೊಳೆಯಲ್ಲಿ ತೇಲಿಸಿ ಕಳಿಸುತ್ತಿದ್ದರು ಎಂದು ನನ್ನ ತಮ್ಮ ಹೇಳುತ್ತಾನೆ. ಕನ್ನಡದ್ದೇ ಆದ ಪದ ನಮಗೆ ಇರಲಿಲ್ಲವೇ?

ಉತ್ತರ: ನಿಮ್ಮ ಫೋಟೊವನ್ನು ದೊಡ್ಡದು ಮಾಡಿಕೊಂಡು ಎರಡು ಸಂಜೆ ನೋಡಿದೆ. ಅಂಚನ್ನು ಗೆದ್ದಲು ತಿಂದಿದೆ, ಶಾಯಿ ಕಂದಿ ಚಹಾದ ಬಣ್ಣಕ್ಕೆ ತಿರುಗಿದೆ, ಆದರೂ ಕೈಬರಹ ತೊಳೆದಿಟ್ಟ ಹಾಗಿದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬಲಗಡೆ ಕೆಳಗಿನಿಂದ ಮೂರನೆಯ ಸಾಲು: ‘ಕೆಂಪಡಿಕೆ ಮಣ 22, ಕಾಳುಮೆಣಸು ಮಣ 4, ಗಾಡಿ 1, ರಪ್ತು ಕುಂದಾಪುರ.’ ಮುತ್ತಜ್ಜ ‘ರಫ್ತು’ ಎಂದು ಬರೆದಿಲ್ಲ, ‘ರಪ್ತು’ ಎಂದೇ ಬರೆದಿದ್ದಾರೆ. ಬಾಯಲ್ಲಿ ಹೇಗೆ ಬರುತ್ತಿತ್ತೋ ಹಾಗೆ ಕೈಯಲ್ಲೂ ಬಂದಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಹಿರಿಯರು ಅನ್ನುವುದು ರಪ್ತು ಎಂದೇ.

ಮೊದಲು ತಮ್ಮನ ಮಾತು ಮುಗಿಸುತ್ತೇನೆ. ಇಂಗ್ಲಿಷಿನ ‘ರಾಫ್ಟ್’ಗೂ ನಮ್ಮ ರಫ್ತಿಗೂ ಯಾವ ನಂಟೂ ಇಲ್ಲ. ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ತೊಲೆ, ದಿಮ್ಮಿ ಎಂಬ ಅರ್ಥವಿದ್ದ ಮಾತಿನಿಂದ ಹುಟ್ಟಿದ್ದು. ಮಲೆನಾಡಿನ ಹೊಳೆಯಲ್ಲಿ ದಿಮ್ಮಿ ತೇಲಿಸುವುದನ್ನು ಕಣ್ಣ ಮುಂದೆ ತಂದುಕೊಂಡರೆ ಎರಡನ್ನೂ ಜೋಡಿಸಬೇಕು ಎನಿಸುವುದು ಸಹಜ. ಧ್ವನಿ ಹತ್ತಿರ ಇದ್ದ ಮಾತ್ರಕ್ಕೆ ಪದಗಳು ಬಳಗವಾಗುವುದಿಲ್ಲ, ಅಷ್ಟೇ.

ರಫ್ತು ಪಾರಸಿ ಮಾತು. ಪಾರಸಿಯಲ್ಲಿ ‘ರಫ್ತನ್’ ಅಂದರೆ ಹೋಗುವುದು. ‘ರಫ್ತ್’ ಅಂದರೆ ಹೋದ, ಹೋದಳು, ಹೋಯಿತು. ಅದರ ಜೋಡಿ ‘ಆಮದನ್’, ಬರುವುದು. ‘ಆಮದ್’ ಅಂದರೆ ಬಂದ, ಬಂದಳು, ಬಂತು. ನಮ್ಮ ಆಮದು ಮತ್ತು ರಫ್ತು ಇವೇ ಎರಡು. ಪಾರಸಿ ಮತ್ತು ಉರ್ದುವಿನಲ್ಲಿ ಇವೆರಡನ್ನೂ ಸೇರಿಸಿ ಹೇಳುವ ‘ಆಮದ್-ಓ-ರಫ್ತ್’ ಎಂಬ ಮಾತಿದೆ. ನಮ್ಮ ‘ಹೋಗಿ ಬರುವುದು’ ಇದ್ದ ಹಾಗೆ, ಜನರ ಓಡಾಟಕ್ಕೂ ಸಲ್ಲುತ್ತದೆ, ದಾರಿಯ ಸಂಚಾರಕ್ಕೂ ಸಲ್ಲುತ್ತದೆ. ಕನ್ನಡ ಆ ಎರಡನ್ನು ಬಿಡಿಸಿ, ವ್ಯಾಪಾರಕ್ಕೆ ಮಾತ್ರ ಇಟ್ಟುಕೊಂಡಿತು. ವ್ಯಂಜನದಲ್ಲಿ ನಿಲ್ಲುವ ಮಾತು ಕನ್ನಡದ ನಾಲಿಗೆಗೆ ಒಗ್ಗದ ಕಾರಣ ಕೊನೆಗೊಂದು ಉಕಾರ ಸೇರಿತು.

ಹೀಗೆ ನೋಡಿದರೆ ಮಾರುವುದು ಎಂಬ ಅರ್ಥ ಈ ಪದದೊಳಗೆ ಎಲ್ಲೂ ಇಲ್ಲ. ದುಡ್ಡಿನ ಸುದ್ದಿ ಇಲ್ಲ, ಗಿರಾಕಿಯ ಸುದ್ದಿ ಇಲ್ಲ, ಪರದೇಶದ ಸುದ್ದಿಯೂ ಇಲ್ಲ. ಮಾಲು ಹೊರಟು ಹೋಯಿತು ಎಂಬುದಷ್ಟೇ ಇದೆ. ನಿಮ್ಮ ಮುತ್ತಜ್ಜನ ಸಾಲೂ ಅಷ್ಟನ್ನೇ ಹೇಳುತ್ತದೆ: ಅಡಿಕೆ ಇಷ್ಟು, ಮೆಣಸು ಇಷ್ಟು, ಗಾಡಿ ಒಂದು, ಹೋಯಿತು, ಕುಂದಾಪುರಕ್ಕೆ. ಎಷ್ಟಕ್ಕೆ ಮಾರಿತು ಎಂಬ ಮಾತು ಆ ಸಾಲಿನಲ್ಲಿ ಇಲ್ಲ. ಗಾಡಿ ಘಟ್ಟ ಇಳಿದು ಹೋಗುವ ದಿನ ಅವರಿಗೂ ಅದು ಗೊತ್ತಿರಲಿಕ್ಕಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳೆಯ ವಹಿಗಳನ್ನು ಓದುವ ಕೆಲಸದಲ್ಲಿ ನನಗೆ ತುಂಬ ಇಷ್ಟದ ಜಾಗ ಇದು. ನಮ್ಮ ವ್ಯಾಪಾರದ ಮಾತುಗಳಲ್ಲಿ ಎಷ್ಟೋ ಪದಗಳು ಪಾರಸಿಯ ಭೂತಕಾಲದ ಕ್ರಿಯಾಪದಗಳು. ನಾವು ಅವನ್ನು ನಾಮಪದ ಮಾಡಿ ಕೂರಿಸಿಕೊಂಡಿದ್ದೇವೆ. ಖರೀದಿ ನೋಡಿ. ‘ಖರೀದ್’ ಅಂದರೆ ಕೊಂಡ. ರಸೀದಿ ನೋಡಿ. ‘ರಸೀದ್’ ಅಂದರೆ ತಲುಪಿತು. ಅಂಗಡಿಯವರು ಹರಿದು ಕೊಡುವ ಆ ಚೀಟಿ ‘ನೀವು ಕೊಟ್ಟದ್ದು ನನಗೆ ತಲುಪಿತು’ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದೆ. ಪೊಲೀಸರ ಗಸ್ತು ‘ಗಶ್ತ್’, ಅಂದರೆ ಸುತ್ತಿದ. ಬಂದೋಬಸ್ತಿನ ‘ಬಸ್ತ್’ ಅಂದರೆ ಕಟ್ಟಿದ. ಮಲೆನಾಡಿನಲ್ಲಿ ಜಮೀನಿನ ಮಾತು ಬಂದಾಗಲೆಲ್ಲ ಕೇಳುವ ದರಖಾಸ್ತು ಅಂದರೆ ಬೇಡಿಕೊಂಡ. ಸಭೆ ಬರಖಾಸ್ತಾಯಿತು ಅಂದರೆ ಎದ್ದಿತು. ಖರೀದಿ, ರಫ್ತು, ರಸೀದಿ ಎಂದು ಮೂರು ಪದ ಒಂದರ ಕೆಳಗೊಂದು ಬರೆದರೆ ಒಂದು ಮೂಟೆ ಮೆಣಸಿನ ಕತೆ ಪೂರ್ತಿ ಬಂತು: ಕೊಂಡ, ಹೋಯಿತು, ತಲುಪಿತು.

ರಫ್ತಿಗೆ ಒಡಹುಟ್ಟಿದ ಇನ್ನೊಂದು ಪದವೂ ನಮ್ಮಲ್ಲಿ ಇದೆ, ಗುರುತು ಸಿಗದ ಹಾಗೆ. ರವಾನೆ. ‘ರಫ್ತನ್’ ಎಂಬ ಧಾತು ವರ್ತಮಾನದಲ್ಲಿ ‘ರವ್’ ಎಂದು ರೂಪ ಬದಲಿಸುತ್ತದೆ. ಅದರಿಂದ ‘ರವಾನ್’, ಹೋಗುತ್ತಿರುವುದು, ಹರಿಯುತ್ತಿರುವುದು. ಅದರಿಂದ ‘ರವಾನಾ’, ನಮ್ಮ ರವಾನೆ. ಹಾಗಾಗಿ ರವಾನೆ ಎಂದಾಗ ಮಾಲು ದಾರಿಯಲ್ಲಿದೆ, ರಫ್ತು ಎಂದಾಗ ಹೋಗಿ ಆಯಿತು. ಆಮದಿನ ನಂಟು ಇನ್ನೂ ದೂರದ್ದು, ಇನ್ನೂ ಹಳೆಯದು. ಪಾರಸಿಯ ‘ಆಮದ್’ ಮತ್ತು ಸಂಸ್ಕೃತದ ‘ಆಗತ’ ಒಂದೇ ಬೇರಿನಿಂದ ಒಡೆದ ಎರಡು ಕವಲು. ಸ್ವಾಗತ, ಆಗಮನ ಎಂದು ಮದುವೆ ಕಾಗದದಲ್ಲಿ ಅಚ್ಚು ಹಾಕಿಸುವಾಗ ನಾವು ಆಮದಿನ ದಾಯಾದಿಗಳನ್ನೇ ಕರೆಯುತ್ತಿರುತ್ತೇವೆ.

ಖರ್ಚು ಕೂಡ ಹೊರಗೆ ಹೋಗುವ ಮಾತೇ. ಅದು ಅರಬ್ಬಿಯ ‘ಖರ್ಜ್’. ‘ಖರಜ’ ಅಂದರೆ ಹೊರಗೆ ಹೋದ. ನಿಮ್ಮ ವಹಿಯ ಬಲಗಡೆಯ ಕಂಬದ ಹೆಸರೂ ‘ಹೊರಗೆ ಹೋದದ್ದು’, ಅದರೊಳಗಿನ ಸಾಲಿನ ಪದವೂ ‘ಹೋಯಿತು’.

ಪಾರಸಿ ನಮ್ಮ ಕಾಡಿನ ನಡುವಿನ ಅಡಿಕೆ ತೋಟಕ್ಕೆ ಹೇಗೆ ಬಂತು ಎಂದು ನೀವು ಕೇಳಿಲ್ಲ. ಆದರೂ ಇದನ್ನು ಬಿಟ್ಟರೆ ಉತ್ತರ ಅರ್ಧ. ಇರಾನಿನಿಂದ ನೇರವಾಗಿ ಬಂದದ್ದಲ್ಲ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದಾಗಿನಿಂದ ದಖ್ಖನ್ನಿನ ದರ್ಬಾರು ಮತ್ತು ಲೆಕ್ಕಪತ್ರಗಳಲ್ಲಿ ಪಾರಸಿ ನಡೆಯುತ್ತಿತ್ತು. ಆಮೇಲೆ ಬಿಜಾಪುರದ ಆದಿಲಶಾಹಿ. ಅವರ ಸೈನ್ಯ 1637ರ ಸುಮಾರಿಗೆ ಇಕ್ಕೇರಿಯವರೆಗೂ ಬಂತು, ಕೆಳದಿಯ ವೀರಭದ್ರನಾಯಕ ಕಾಣಿಕೆ ಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕಾಣಿಕೆ ಕೊಡುವುದೆಂದರೆ ಪತ್ರ, ಲೆಕ್ಕ, ಕಂತು, ರಸೀದಿ. ಪದಗಳು ಆ ದಾರಿಯಲ್ಲಿ ಬರುತ್ತವೆ. ಮರಾಠಿ ಬಲ್ಲ ಲೆಕ್ಕಿಗರ ಕೈಯಲ್ಲೂ ಇವೇ ಮಾತು ಓಡಾಡಿದವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಹೊಸನಗರ ತಾಲ್ಲೂಕಿನ ಇಂದಿನ ನಗರ ಅದೇ. ಟಿಪ್ಪುವಿನ ಕಾಲಕ್ಕೆ ಸರ್ಕಾರದ ಲೆಕ್ಕಪತ್ರಗಳಲ್ಲಿ ಪಾರಸಿ ಇನ್ನಷ್ಟು ಗಟ್ಟಿಯಾಯಿತು. ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿ ಇತ್ತು. ಅಕ್ಕಿ, ಮೆಣಸು, ಏಲಕ್ಕಿ, ಗಂಧ ಕಡಲ ದಾರಿಯಲ್ಲಿ ಹೋಗುತ್ತಿದ್ದವು. ಸರ್ಕಾರವೇ ವ್ಯಾಪಾರಿಯಾದಾಗ ಸರ್ಕಾರದ ಮಾತು ವ್ಯಾಪಾರದ ಮಾತಾಗುವುದು ತಡವಾಗುವುದಿಲ್ಲ.

ಮೆಣಸಿನ ವ್ಯಾಪಾರ ಅದಕ್ಕಿಂತ ಬಹಳ ಹಿಂದಿನದು, ಪದ ಮಾತ್ರ ಆಮೇಲಿನದು. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದ. ಪೋರ್ಚುಗೀಸರಿಗೆ ಈ ಸೀಮೆಯ ಮೆಣಸು ಬೇಕಿತ್ತು. ಅದಕ್ಕೂ ಮುಂಚೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದಿದ್ದರು.

ಈಗ ನನಗೆ ಬಹಳ ಸೋಜಿಗ ತಂದ ಸಂಗತಿ. ಇವತ್ತು ಟೆಹರಾನಿನ ಅಂಗಡಿಯಲ್ಲಿ ನಿಂತು ‘ರಫ್ತ್’ ಅಂದರೆ ‘ಯಾರು ಹೋದರು?’ ಎಂದು ಕೇಳುತ್ತಾರೆ. ಅವರ ರಫ್ತಿಗೆ ‘ಸಾದೆರಾತ್’ ಎನ್ನುತ್ತಾರೆ, ಆಮದಿಗೆ ‘ವಾರೆದಾತ್’. ಎರಡೂ ಅರಬ್ಬಿಯಿಂದ ಪಡೆದವು. ‘ಸಾದಿರ್’ ಅಂದರೆ ಹೊರಡುವುದು, ‘ವಾರಿದ್’ ಅಂದರೆ ಬರುವುದು. ಈ ಜೋಡಿ ನಮಗೆ ಅಪರಿಚಿತ ಎಂದುಕೊಳ್ಳಬೇಡಿ. ಶಿವಮೊಗ್ಗದ ಯಾವುದೇ ಸರ್ಕಾರಿ ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿ: ಪೊರಕೆ, ಗೋಂದು, ನೀರಿನ ಕ್ಯಾನು, ಚಹಾದ ದುಡ್ಡು ಯಾವ ಬಾಬ್ತಿನಲ್ಲಿ ಹಾಕುತ್ತೀರಿ? ‘ಸಾದಿಲ್ವಾರು’ ಎನ್ನುತ್ತಾರೆ. ಸಾದಿರ್ ಮತ್ತು ವಾರಿದ್ ಸೇರಿ ಸವೆದದ್ದೇ ಸಾದಿಲ್ವಾರು, ಹೋಗುವ ಬರುವ ಸಣ್ಣಪುಟ್ಟದ್ದು. ಇರಾನಿನಲ್ಲಿ ದೇಶದ ವಿದೇಶ ವ್ಯಾಪಾರದ ಹೆಸರು ಯಾವುದೋ, ನಮ್ಮ ತಾಲ್ಲೂಕು ಕಚೇರಿಯಲ್ಲಿ ಪೊರಕೆ ಕೊಳ್ಳುವ ಬಾಬ್ತಿನ ಹೆಸರು ಅದೇ. ಉರ್ದುವಿನವರು ಮೂರನೆಯ ದಾರಿ ಹಿಡಿದರು. ಅವರಿಗೆ ರಫ್ತು ‘ಬರಾಮದ್’, ಹೊರಗೆ ಬಂತು. ಆಮದು ‘ದರಾಮದ್’, ಒಳಗೆ ಬಂತು. ಎರಡಕ್ಕೂ ‘ಬಂತು’ ಎಂಬುದೇ ಆಧಾರ. ‘ಹೋಯಿತು’ ಎಂಬ ಸರಳ ಮಾತಿನಲ್ಲೇ ವ್ಯಾಪಾರ ಮಾಡುತ್ತಿರುವವರು ನಾವು.

ಇನ್ನು ಕುಂದಾಪುರ. ನೀವು ನಕ್ಕುಕೊಂಡೇ ಕೇಳಿರಬಹುದು, ಆದರೆ ಪ್ರಶ್ನೆ ಸಣ್ಣದಲ್ಲ. 1931ರಲ್ಲಿ ತೀರ್ಥಹಳ್ಳಿ ಮೈಸೂರು ಸಂಸ್ಥಾನ, ಮಹಾರಾಜರ ಆಡಳಿತ. ಕುಂದಾಪುರ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ನೇರ ಬ್ರಿಟಿಷರ ಆಡಳಿತ. ಘಟ್ಟದ ಮೇಲಿನ ಗಾಡಿ ಘಟ್ಟದ ಕೆಳಗೆ ಇಳಿಯಿತು ಅಂದರೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟಿತು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದವು. ಆ ದಿನದಿಂದ ಅದೇ ಗಾಡಿ, ಅದೇ ದಾರಿ, ಅದೇ ಅಡಿಕೆ. ರಫ್ತು ಎಂದು ಬರೆದರೆ ಮಾತ್ರ ತಪ್ಪು. ಪದ ಇದ್ದಲ್ಲೇ ಇತ್ತು, ಗಡಿ ಸರಿಯಿತು. ಸಂಸ್ಥಾನದ ಕಾಲದ ಗೆಜೆಟಿಯರುಗಳನ್ನು ತೆರೆದರೆ ಒಂದೊಂದು ಜಿಲ್ಲೆಗೂ ಅದರದ್ದೇ ಆಮದು ರಫ್ತಿನ ವಿವರ ಕೊಟ್ಟಿರುವುದು ಕಾಣುತ್ತದೆ. ಜಿಲ್ಲೆಯಿಂದ ಹೊರಗೆ ಹೋದದ್ದೆಲ್ಲ ರಫ್ತೇ. ಇಡೀ ದೇಶದ ಗಡಿ ದಾಟಿದರೆ ಮಾತ್ರ ರಫ್ತು ಎನ್ನುವ ರೂಢಿ ನಮ್ಮಲ್ಲಿ ಗಟ್ಟಿಯಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಆದ್ದರಿಂದ ಮುತ್ತಜ್ಜನದು ಪೂರ್ತಿ ಸರಿ, ಪದದ ಮೂಲಾರ್ಥದಿಂದಲೂ, ಅವತ್ತಿನ ಆಡಳಿತದ ಲೆಕ್ಕದಿಂದಲೂ.

ನಿಮ್ಮ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ‘ಪರದೇಶಕ್ಕೆ ಮಾರುವುದು’ ಎಂದು ಕಲಿಸುತ್ತಾರೆ, ಮಕ್ಕಳಿಗೆ ಅಷ್ಟು ಸಾಕು. ಕಾನೂನು ಹಾಗೆ ಹೇಳುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ರಫ್ತು ಎಂದರೆ ಭಾರತದಿಂದ ಭಾರತದ ಹೊರಗಿನ ಜಾಗಕ್ಕೆ ತೆಗೆದುಕೊಂಡು ಹೋಗುವುದು. ಮಾರಾಟ ಎಂಬ ಮಾತೇ ಅಲ್ಲಿಲ್ಲ. 1992ರ ವಿದೇಶ ವ್ಯಾಪಾರ ಕಾಯ್ದೆ ಕೂಡ ಸರಕಿನ ಬಗ್ಗೆ ಹೇಳುವಾಗ ನೆಲ, ಕಡಲು, ಗಾಳಿ ಯಾವ ದಾರಿಯಲ್ಲಾದರೂ ಹೊರಗೆ ಒಯ್ಯುವುದು ಎನ್ನುತ್ತದೆ. ಹಳೆಯ ಪಾರಸಿಯ ‘ಹೋಯಿತು’ ಎಂಬ ಅರ್ಥಕ್ಕೆ ಇಂದಿನ ಕಾನೂನು ತಾನಾಗಿಯೇ ಬಂದು ಕೂತಿದೆ. ನೀವು ಹತ್ತು ತಟ್ಟೆಯನ್ನು ಪುಕ್ಕಟೆ ಮಾದರಿ ಎಂದು ಜರ್ಮನಿಗೆ ಕಳಿಸಿದರೂ ಅದು ರಫ್ತು. ಕವಿಶೈಲ ನೋಡಲು ಬಂದ ಜರ್ಮನಿಯವರೊಬ್ಬರು ನಿಮ್ಮ ಮನೆಬಾಗಿಲಲ್ಲಿ ನೂರು ತಟ್ಟೆ ಕೊಂಡು ದುಡ್ಡು ಕೊಟ್ಟರೆ ಅದು ನಿಮ್ಮ ಮಾರಾಟವೇ ಹೊರತು ನಿಮ್ಮ ರಫ್ತಲ್ಲ.

ನೀವು ತಟ್ಟೆ ಮಾರಿದ್ದು ಬೆಂಗಳೂರಿಗೆ. ತಟ್ಟೆ ಗಡಿ ದಾಟುವ ಹೊತ್ತಿಗೆ ಅದರ ಒಡೆಯರು ಆ ವ್ಯಾಪಾರಿ. ಅವರ ಹೆಸರಿನಲ್ಲಿ ಶಿಪ್ಪಿಂಗ್ ಬಿಲ್ ಸಲ್ಲಿಸುತ್ತಾರೆ, ಆಮದು ರಫ್ತು ಮಾಡುವವರ ಗುರುತಿನ ಸಂಖ್ಯೆಯಾದ ಐಇಸಿಯನ್ನೂ ಅವರದ್ದೇ ಹಾಕುತ್ತಾರೆ, ಕಸ್ಟಮ್ಸ್ ಅಧಿಕಾರಿ ನೋಡಿ ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆಗೆ ‘ಲೆಟ್ ಎಕ್ಸ್‌ಪೋರ್ಟ್ ಆರ್ಡರ್’ ಎನ್ನುತ್ತಾರೆ. ‘ಹೋಗಲಿ’ ಎಂಬ ಅಪ್ಪಣೆ ಅದು. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಯಿರಿ, ಪಕ್ಕದಲ್ಲಿ ‘ನಮ್ಮ ಸರಕು ಬೇರೆ ರಫ್ತುದಾರರ ಮೂಲಕ ಹೊರದೇಶಕ್ಕೆ ಹೋಗುತ್ತದೆ’ ಎಂದು ಸೇರಿಸಿ. ಸುಳ್ಳೂ ಆಗುವುದಿಲ್ಲ, ನಿಮ್ಮ ಕೆಲಸದ ಬೆಲೆಯೂ ಬ್ಯಾಂಕಿನವರ ಕಣ್ಣಿಗೆ ಬೀಳುತ್ತದೆ. ನಾಳೆ ನೀವೇ ಕಳಿಸುವ ಧೈರ್ಯ ಮಾಡಿದರೆ ಮೊದಲು ಆ ಐಇಸಿ ಪಡೆಯಿರಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಸಂಖ್ಯೆ ಅದು, ಪಾನ್ ಸಂಖ್ಯೆಗೆ ಕಟ್ಟಿದ್ದು. ನೀವು ಆ ಧೈರ್ಯ ಮಾಡಬೇಕು ಎಂಬುದು ನನ್ನ ಆಸೆ.

ಜರ್ಮನಿ ಎಂದಿರಿ, ಅದಕ್ಕೇ ಒಂದು ಮಾತು. ನಮ್ಮ ಶ್ರೀಗಂಧ ಒಂದು ಕಾಲಕ್ಕೆ ಕೊರಡಿನ ರೂಪದಲ್ಲೇ ಅಲ್ಲಿಗೆ ಹೋಗುತ್ತಿತ್ತು, ಎಣ್ಣೆ ಅಲ್ಲಿ ತೆಗೆಯುತ್ತಿದ್ದರು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಕೊರಡು ಇಲ್ಲೇ ಉಳಿಯಿತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, 1944ರಲ್ಲಿ ಶಿವಮೊಗ್ಗದಲ್ಲೂ ಒಂದು. ಹೋಗುವುದು ನಿಂತಾಗಲೇ ಇಲ್ಲಿ ಮಾಡುವುದು ಮೊದಲಾಯಿತು. ನಿಮ್ಮ ಹಾಳೆ ಹಾಗೇ ಹೋಗದೆ ತಟ್ಟೆಯಾಗಿ ಹೋಗುತ್ತಿದೆ ಎಂದು ಓದಿದಾಗ ನನಗೆ ಇದು ನೆನಪಾಯಿತು.

ಕೊನೆಯ ಪ್ರಶ್ನೆ, ಕನ್ನಡದ್ದೇ ಆದ ಪದ. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ.

ವ್ಯಾಪಾರಕ್ಕೆ ಹಳಗನ್ನಡದಲ್ಲಿ ‘ಪರದು’ ಎಂಬ ಮಾತಿತ್ತು, ವ್ಯಾಪಾರಿ ‘ಪರದ’. ಆಮೇಲೆ ಹರದು, ಹರದ ಆಯಿತು, ಈಗ ಮರೆತೇ ಹೋಗಿದೆ. ಮಾಲಿಗೆ ಸರಕು. ಇದು ತಮಿಳು, ತೆಲುಗು, ಮಲಯಾಳಗಳಲ್ಲೂ ಇರುವ ನಮ್ಮ ಬಳಗದ ಪದ. ಶಿವಮೊಗ್ಗದ ಮಂಡಿಯಲ್ಲಿ ಇದಕ್ಕೆ ಇನ್ನೂ ಒಂದು ಪಟ್ಟ ಸಿಕ್ಕಿದೆ: ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆ ಧಾರಣೆ ಓದುವಾಗ ಮೇಲಿನ ದರ್ಜೆಯ ಅಡಿಕೆಯ ಹೆಸರೇ ಸರಕು. ಸಾಗಿಸುವುದಕ್ಕೆ ಹೇರು ಇತ್ತು. ಎತ್ತಿನ ಬೆನ್ನಿಗೆ ಎರಡು ಕಡೆ ಸಮ ತೂಕ ಕಟ್ಟಿ ಘಟ್ಟ ಇಳಿಸುವ ಹೊರೆ ಅದು.

ಹೊರನಾಡಿಗೆ ಮಾರುವ ಜನರಿಗೂ ಹೆಸರಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11ನೆಯ ಶತಮಾನದ ಒಂದು ಶಾಸನ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘವನ್ನು ಹೊಗಳುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಎಂದು ಅವರು ಸುತ್ತಿದ ನಾಡುಗಳ ಸಾಲು ಅದರಲ್ಲಿದೆ. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ ಎಂದು ಅವರು ಮಾರಿದ ಸರಕಿನ ಸಾಲೂ ಇದೆ. ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವಾಗ ಬದಿಯಲ್ಲೇ ಇರುವ ಊರು ಅದು, ಒಂದು ದಿನ ಇಳಿದು ನೋಡಿ. ಅಂಥ ವರ್ತಕರನ್ನು ನಾನಾದೇಶಿ ಎನ್ನುತ್ತಿದ್ದರು, ಹೊರನಾಡಿನಿಂದ ಬಂದವರನ್ನು ಪರದೇಶಿ ಎನ್ನುತ್ತಿದ್ದರು. ಪರದೇಶಿ ಎಂದರೆ ಅವತ್ತು ಸರಕು ತುಂಬಿಕೊಂಡು ಬಂದ ಸಿರಿವಂತ ವ್ಯಾಪಾರಿಯೂ ಆಗಿರಬಹುದು. ಇವತ್ತು ನಮ್ಮ ಅಜ್ಜಿಯರ ಬಾಯಲ್ಲಿ ‘ಪಾಪ, ಪರದೇಶಿ’ ಅಂದರೆ ದಿಕ್ಕಿಲ್ಲದವನು. ಅಷ್ಟು ದೂರ ಇಳಿದಿದೆ ಆ ಪದ.

ಇಷ್ಟೆಲ್ಲ ಇದ್ದೂ ಸರಕು ಹೊರಗೆ ಹೋಗುವ ಕೆಲಸಕ್ಕೇ ಮೀಸಲಾದ, ಎಲ್ಲರ ಬಾಯಲ್ಲಿ ನಿಂತ ಒಂದು ಅಚ್ಚಗನ್ನಡ ಪದ ಬೆಳೆಯಲಿಲ್ಲ. ತೆಲುಗಿನವರಿಗೆ ‘ಎಗುಮತಿ’, ‘ದಿಗುಮತಿ’ ಇವೆ. ತಮಿಳಿನಲ್ಲಿ ‘ಏಟ್ರುಮದಿ’, ‘ಇಱಕ್ಕುಮದಿ’. ಏರಿಸುವುದು, ಇಳಿಸುವುದು. ಹಡಗಿನ ಪಕ್ಕ ನಿಂತು ಮೂಟೆ ಎತ್ತುವ ಹಮಾಲರ ಕಣ್ಣಿನಿಂದ ಹುಟ್ಟಿದ ಪದಗಳು, ಎಷ್ಟು ಚೆಂದ! ನಮಗೂ ಏರು, ಇಳಿ ಇವೆ, ಆದರೆ ಮಲೆನಾಡಿನಲ್ಲಿ ನಿಂತವರಿಗೆ ಸರಕು ಹೊರಗೆ ಹೋಗುವುದೆಂದರೆ ಘಟ್ಟ ಇಳಿಯುವುದು. ದಿಕ್ಕೇ ತಿರುಗುಮುರುಗು.

ಸಂಸ್ಕೃತದ ‘ನಿರ್ಯಾತ’ ಬಳಸಿ ಎನ್ನುವವರಿದ್ದಾರೆ. ಹಿಂದಿಯಲ್ಲಿ ಅದು ಚೆನ್ನಾಗಿ ಓಡುತ್ತದೆ. ಅದರ ಅರ್ಥವೂ ‘ಹೊರಗೆ ಹೋದದ್ದು’ ಎಂದೇ, ಹಾಗಾಗಿ ಬದಲಿಸಿ ಗಳಿಸುವುದು ಏನೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುಂಕದ ಪ್ರಕರಣದಲ್ಲಿ ಬರುವ ಪದಗಳು ಬೇರೆ, ‘ನಿಷ್ಕ್ರಾಮ್ಯ’ ಮತ್ತು ‘ಪ್ರವೇಶ್ಯ’. ಒಳಗೆ ಬರುವ ಸರಕಿಗೆ ಬೆಲೆಯ ಐದನೇ ಒಂದು ಪಾಲು ಸುಂಕ ಎಂದು ಅಲ್ಲಿ ಹೇಳಿದೆ. ‘ಹೊರಸಾಗಣೆ’ ಎಂಬ ಹೊಸ ಪದವನ್ನೂ ಕೆಲವರು ಬರೆಯುತ್ತಾರೆ. ಕೇಳಲು ಹಿತವಾಗಿದೆ, ಅರ್ಥ ತಟ್ಟನೆ ತಿಳಿಯುತ್ತದೆ, ಬಳಸುವವರನ್ನು ನಾನು ತಡೆಯುವುದಿಲ್ಲ. ಆದರೆ ರಫ್ತನ್ನು ಪರಕೀಯ ಎಂದು ದ್ವೇಷಿಸುವುದನ್ನು ಒಪ್ಪಲಾರೆ. ರಫ್ತಾಯಿತು, ರಫ್ತು ಮಾಡಿದೆವು, ರಫ್ತುದಾರ, ಮರುರಫ್ತು ಎಂದು ಕನ್ನಡದ ಎಲ್ಲ ಪ್ರತ್ಯಯಗಳನ್ನೂ ಹೊತ್ತು ದುಡಿಯುತ್ತಿರುವ ಪದ ಅದು. ನಿಮ್ಮ ಮನೆಯ ವಹಿಯಲ್ಲೇ ಅದಕ್ಕೆ ತೊಂಬತ್ತು ವರ್ಷ ದಾಟಿದೆ.

ಮಂಡಿಯ ಬಾಯಲ್ಲಿ ಇನ್ನೂ ಎರಡು ಮಾತು ಇವೆ, ಅವನ್ನೂ ಹೇಳಿಬಿಡುತ್ತೇನೆ. ಒಂದು ‘ಆವಕ’. ಮಂಡಿಗೆ ಇವತ್ತು ಎಷ್ಟು ಚೀಲ ಬಂತು ಎಂಬ ಲೆಕ್ಕ. ‘ಆವಕ ಕಡಿಮೆ, ಧಾರಣೆ ಏರಿದೆ’ ಎಂದು ದಿನಾ ಕೇಳುತ್ತೀರಿ. ಮರಾಠಿಯಲ್ಲಿ ಅದರ ಜೋಡಿ ‘ಜಾವಕ’, ಹೋಗುವುದು. ಮುಂಬಯಿ ಕರ್ನಾಟಕದ, ಅಂದರೆ ಈಗಿನ ಕಿತ್ತೂರು ಕರ್ನಾಟಕದ ಕಚೇರಿಗಳಲ್ಲಿ ಆವಕ ಜಾವಕ ಎಂದರೆ ಬಂದ ಮತ್ತು ಹೋದ ಕಾಗದಗಳ ವಹಿ. ನಾವು ಆವಕವನ್ನು ಮಾತ್ರ ಇಟ್ಟುಕೊಂಡು ಜಾವಕವನ್ನು ಬಿಟ್ಟೆವು. ಇನ್ನೊಂದು ‘ದಿಸಾವರ’. ಹಳೆಯ ವ್ಯಾಪಾರಿಗಳು ದೂರದ ಊರಿಗೆ, ಬೇರೆ ರಾಜ್ಯಕ್ಕೆ ಕಳಿಸುವುದನ್ನು ದಿಸಾವರಕ್ಕೆ ಕಳಿಸುವುದು ಎನ್ನುತ್ತಿದ್ದರು. ನಮ್ಮ ಅಡಿಕೆ ಬಹುಪಾಲು ಹೋಗುವುದು ಉತ್ತರ ಭಾರತಕ್ಕೆ. ಕಾನೂನಿನ ಕಣ್ಣಿಗೆ ಅದು ರಫ್ತಲ್ಲ, ಮನೆ ಬಾಗಿಲಿನ ಮಾರಾಟವೂ ಅಲ್ಲ. ಅದಕ್ಕೆ ಸರಿಯಾದ ಪದ ದಿಸಾವರವೇ. ಅದನ್ನು ಕಳೆದುಕೊಳ್ಳುವುದು ನಷ್ಟ.

ನಿಜ ಹೇಳಬೇಕೆಂದರೆ ಇವತ್ತು ಮಲೆನಾಡಿನ ತೋಟಗಳಲ್ಲಿ ರಫ್ತಿಗಿಂತ ಆಮದು ಎಂಬ ಮಾತೇ ಹೆಚ್ಚು ಕೇಳುತ್ತದೆ, ಅದೂ ಆತಂಕದಲ್ಲಿ. ಹೊರಗಿನ ಅಡಿಕೆ ಅಗ್ಗಕ್ಕೆ ಬಂದು ಧಾರಣೆ ಮುರಿಯಬಾರದೆಂದು 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದರ ಹಿಂದಿನ ವರ್ಷ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಕಟ್ಟುಪಾಡಿಲ್ಲದೆ ತರಲು ಬಿಟ್ಟಾಗ ಇಲ್ಲಿ ಎಷ್ಟು ಮನೆಗಳಲ್ಲಿ ಅದೇ ಮಾತಾಯಿತು ಎಂದು ನಿಮಗೂ ನೆನಪಿರುತ್ತದೆ. ಮೆಣಸಿಗೂ 2017ರಲ್ಲಿ ಕಿಲೋಗೆ 500 ರೂಪಾಯಿಯ ಗೆರೆ ಎಳೆದರು. ಪೋರ್ಚುಗೀಸರು ಘಟ್ಟ ಹತ್ತಿ ಬಂದು ಕೇಳಿದ ಮೆಣಸು ಬೆಳೆಯುವ ನಾಡಿನವರು ಈಗ ಹೊರಗಿನ ಮೆಣಸು ಬಾರದಿರಲಿ ಎಂದು ಕಾಯುತ್ತಿದ್ದೇವೆ. ಎರಡು ಪದಗಳ ನಡುವೆ ಒಂದು ಸೀಮೆಯ ಬದುಕು ಹೀಗೆ ವಾಲುತ್ತದೆ.

ವಹಿಯನ್ನು ದಯವಿಟ್ಟು ಮತ್ತೆ ಅಟ್ಟಕ್ಕೆ ಹಾಕಬೇಡಿ. ನೆರಳಲ್ಲಿ ಒಣಗಿಸಿ, ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಒರೆಸಿ, ಪುಟ ಪುಟವೂ ಫೋಟೊ ತೆಗೆದಿಟ್ಟುಕೊಳ್ಳಿ. ಬಿಸಿಲಿಗೆ ಇಡಬೇಡಿ, ಅಂಟು ಟೇಪು ಹಚ್ಚಬೇಡಿ. ಇನ್ನೊಂದು ಕೋರಿಕೆ. ನೀವು ಕಳಿಸಿದ ಪುಟದ ಬಲ ಅಂಚಿನಲ್ಲಿ ಎರಡು ಸಣ್ಣ ತೂತುಗಳ ಸುತ್ತ ತುಕ್ಕಿನ ಕಲೆ ಕಾಣುತ್ತದೆ. ಅಲ್ಲಿ ಗುಂಡುಸೂಜಿ ಚುಚ್ಚಿ ಏನೋ ಸಿಕ್ಕಿಸಿದ್ದರು. ಕುಂದಾಪುರದಿಂದ ಬಂದ ರಸೀದಿ ಇರಬಹುದು. ಅಟ್ಟದ ಕಸದಲ್ಲಿ, ವಹಿಯ ರಟ್ಟಿನ ಸಂದಿಯಲ್ಲಿ ಒಮ್ಮೆ ಹುಡುಕಿ. ಸಿಕ್ಕರೆ ಅದರ ಫೋಟೊವನ್ನೂ ಕಳಿಸಿ. ಹೋದದ್ದು ಗೊತ್ತಾಯಿತು, ತಲುಪಿದ್ದು ನೋಡಬೇಕು.